ಹಣ ತೆರುವ ಆಜ್ಞೆ

ಕೈಯಿಂದ ಕೈಗೆ ಹಣ ಕೊಡುವಲ್ಲಿ ನ್ಯಾಯಸೂಕ್ಷ್ಮಗಳಿಗೆ ಹೆಚ್ಚು ಅವಕಾಶವಿಲ್ಲ. ಕೊಡುವವನು ಎದುರಿಗಿರುತ್ತಾನೆ, ಪಡೆಯುವವನೂ ಎದುರಿಗಿರುತ್ತಾನೆ; ಎಣಿಸಿ ಕೊಟ್ಟುದನ್ನು ಎಣಿಸಿ ಪಡೆದರೆ ವ್ಯವಹಾರವು ಮುಗಿಯಿತು. ಕೊಡುವವನು ಒಂದೂರಿನಲ್ಲಿ, ಪಡೆಯುವವನು ಇನ್ನೊಂದೂರಿನಲ್ಲಿ ಇದ್ದು, ಅವರಿಬ್ಬರ ನಡುವೆ ಒಂದೆರಡು ಬ್ಯಾಂಕುಗಳು ನಿಂತಾಗ ಪ್ರಶ್ನೆಗಳು ಹುಟ್ಟುತ್ತವೆ. ಆಗ ನಾವು ಮಾಡುವುದು ಒಂದು ಆಜ್ಞೆ: 'ನನ್ನ ಲೆಕ್ಕದಿಂದ ಇಷ್ಟು ಹಣವನ್ನು ಇಂಥವರಿಗೆ ತೆರತಕ್ಕದ್ದು' ಎಂದು ಬ್ಯಾಂಕಿಗೆ ಹೇಳುತ್ತೇವೆ. ಚೆಕ್ಕು ಇಂಥ ಆಜ್ಞೆ. ಬ್ಯಾಂಕಿನ ಶಾಖೆಯಲ್ಲಿ ತುಂಬಿಕೊಡುವ ಹಣ ರವಾನೆಯ ಚೀಟಿಯು ಇಂಥ ಆಜ್ಞೆ. ಕೈಯಲ್ಲಿರುವ ಮೊಬೈಲಿನ ಮೇಲೆ ಬೆರಳೊತ್ತುವುದೂ ಇಂಥ ಆಜ್ಞೆಯೇ ಸರಿ. ಈ ಆಜ್ಞೆಯನ್ನು ಬ್ಯಾಂಕು ಹೇಗೆ ನಡೆಸಬೇಕು, ನಡೆಸುವಲ್ಲಿ ತಪ್ಪಿದರೆ ನಷ್ಟವು ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಈ ಹೊತ್ತು ವಿಚಾರಿಸೋಣ.

ವಿಚಾರವು ಬರಿಯ ಶಾಸ್ತ್ರವಾಗದಂತೆ ಒಂದು ಸೀಮೆಯನ್ನು ಕಣ್ಣ ಮುಂದೆ ಇರಿಸಿಕೊಳ್ಳೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆಯು ಹತ್ತಿರದಲ್ಲಿಯೇ ಹರಿದರೂ ಇಲ್ಲಿಯ ಬಹುಭಾಗವು ಮಳೆಯನ್ನು ನಂಬಿದ ನೆಲ. ಶೇಂಗಾ, ಜೋಳ, ಮೆಕ್ಕೆಜೋಳ, ಹತ್ತಿ ಇಲ್ಲಿಯ ಬೆಳೆಗಳು; ಹಡಗಲಿಯ ಮಲ್ಲಿಗೆಯ ಹೆಸರು ನಾಡಿಗೆಲ್ಲ ತಿಳಿದದ್ದು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಇಲ್ಲಿಯವರಿಗೆ ಹೊಸದಲ್ಲ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಮಲೆನಾಡಿನ ಕಾಫಿಯ ತೋಟಗಳಿಗೆ ದುಡಿಯಹೋದವರು ಊರಿನಲ್ಲಿ ಉಳಿದ ಹಿರಿಯರಿಗೂ ಮಕ್ಕಳಿಗೂ ಹಣ ಕಳುಹಿಸುತ್ತಾರೆ. ಪೇಟೆಯ ವರ್ತಕರು ಮಾಲಿನ ಹಣವನ್ನು ರೈತರಿಗೆ ಕಳುಹಿಸುತ್ತಾರೆ. ಹೀಗಾಗಿ ಹಣ ತೆರುವ ಆಜ್ಞೆಯು ಈ ಸೀಮೆಯಲ್ಲಿ ಮನೆಮನೆಯ ಸಂಗತಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೂಡ್ಲಿಗಿಯ ಕಡೆಯ ಒಬ್ಬನು ಬೆಂಗಳೂರಿನಲ್ಲಿ ದುಡಿದು, ಊರಿನಲ್ಲಿರುವ ತಾಯಿಯ ಖಾತೆಗೆ 20,000 ರೂಪಾಯಿಗಳನ್ನು ಕಳುಹಿಸಿದನೆನ್ನೋಣ. ತಾಯಿಯ ಹೆಸರನ್ನು ಸರಿಯಾಗಿಯೇ ಬರೆದನು. ಆದರೆ ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತು. ತಪ್ಪಿದ ಸಂಖ್ಯೆಯು ಯಾರೋ ಅಪರಿಚಿತನ ಖಾತೆಯದಾಗಿತ್ತು. ಹಣವು ಅಲ್ಲಿ ಹೋಗಿ ಬಿತ್ತು. ಹೆಸರನ್ನು ನೋಡಿದ್ದರೆ ಬ್ಯಾಂಕಿಗೆ ತಪ್ಪು ತಿಳಿಯುತ್ತಿತ್ತಲ್ಲವೇ ಎಂದು ಅವನು ಕೇಳುತ್ತಾನೆ. ಈ 20,000 ರೂಪಾಯಿಗಳ ನಷ್ಟವು ಯಾರದು? ಇದಕ್ಕೆ ಉತ್ತರವನ್ನು ಕಾಣಲು ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕಾಗುತ್ತದೆ. ಆಜ್ಞೆಯು ಯಾರದು? ಯಾರಿಗೆ ತೆರಬೇಕೆಂಬ ಆಜ್ಞೆ? ಅದು ಯಾವಾಗ ಮುಗಿಯಿತು?

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ನಾವು ಬ್ಯಾಂಕಿನಲ್ಲಿಟ್ಟ ಹಣವು ಯಾರ ಹಣ? 'ನಮ್ಮದೇ' ಎಂದು ಎಲ್ಲರೂ ಹೇಳುವರು. ನ್ಯಾಯಶಾಸ್ತ್ರವು ಹಾಗೆ ಹೇಳುವುದಿಲ್ಲ. ಇಟ್ಟ ಕ್ಷಣದಿಂದ ಆ ನಾಣ್ಯ ನೋಟುಗಳು ಬ್ಯಾಂಕಿನವಾಗುತ್ತವೆ. ಅಷ್ಟು ಮೊತ್ತಕ್ಕೆ ಬ್ಯಾಂಕು ನಮಗೆ ಸಾಲಗಾರನಾಗಿ ನಿಲ್ಲುತ್ತದೆ. ಇಂಗ್ಲೆಂಡಿನ ಪ್ರಭುಸಭೆಯು 1848 ರಲ್ಲಿ ಫೋಲೀ ಮತ್ತು ಹಿಲ್ ಎಂಬವರ ಮೊಕದ್ದಮೆಯಲ್ಲಿ ಈ ತತ್ತ್ವವನ್ನು ಸ್ಥಿರಪಡಿಸಿತು. ನಮ್ಮ ದೇಶದ ನ್ಯಾಯಾಲಯಗಳೂ ಇದನ್ನೇ ಅನುಸರಿಸಿವೆ. ಇದು ಕೇವಲ ಮಾತಿನ ಭೇದವೆಂದು ತೋರಬಹುದು. ಆದರೆ ಇದರಲ್ಲಿ ಖಾತೆದಾರನ ದೊಡ್ಡ ರಕ್ಷಣೆ ಅಡಗಿದೆ. ಸಾಲಗಾರನು ಸಾಲ ಕೊಟ್ಟವನ ಮಾತಿನಂತೆ ತೆತ್ತರೆ ಮಾತ್ರ ಸಾಲ ತೀರುತ್ತದೆಯಷ್ಟೆ. ಆಜ್ಞೆಯಿಲ್ಲದೆ ಬ್ಯಾಂಕು ಯಾರಿಗಾದರೂ ಹಣ ಕೊಟ್ಟರೆ ಅದು ತನ್ನ ಸ್ವಂತ ಹಣವನ್ನು ಕೊಟ್ಟಂತಾಯಿತು. ನಮಗೆ ಕೊಡಬೇಕಾದ ಬಾಕಿಯು ಹಾಗೆಯೇ ಉಳಿದಿರುತ್ತದೆ.

ಈ ತತ್ತ್ವವು ಕನ್ನಡನಾಡಿನಲ್ಲಿಯೇ ಒಮ್ಮೆ ಚೆನ್ನಾಗಿ ಪರೀಕ್ಷೆಗೆ ಬಂದಿತು. ಮಂಗಳೂರಿನಲ್ಲಿ ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯು ಕೆನರಾ ಬ್ಯಾಂಕಿನಲ್ಲಿ ಖಾತೆಯನ್ನಿಟ್ಟಿತ್ತು. ಅದರ ಲೆಕ್ಕಪತ್ರದ ನೌಕರನೊಬ್ಬನು ನಾಲ್ಕಾರು ವರ್ಷಗಳ ಅವಧಿಯಲ್ಲಿ 42 ಚೆಕ್ಕುಗಳಿಗೆ ಸುಳ್ಳು ರುಜು ಹಾಕಿ 3 ಲಕ್ಷ 26 ಸಾವಿರ ರೂಪಾಯಿಗಳಿಗೂ ಮಿಗಿಲಾಗಿ ಹಣ ತೆಗೆದನು. 1961 ರಲ್ಲಿ ಮೋಸವು ಬಯಲಾಯಿತು. ಬ್ಯಾಂಕು ಒಂದು ಸಮಾಧಾನವನ್ನು ಮುಂದಿಟ್ಟಿತು: 'ಖಾತೆಯ ಲೆಕ್ಕವನ್ನು ನಾವು ಕಾಲಕಾಲಕ್ಕೆ ಒಪ್ಪಿಸುತ್ತಲೇ ಬಂದೆವು, ಸಂಸ್ಥೆಯವರು ನೋಡಿ ಸುಮ್ಮನಿದ್ದರು, ಈಗ ದೂರಲಾಗದು.' ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1987 ರ ಏಪ್ರಿಲಿನಲ್ಲಿ ತೀರ್ಪಾಯಿತು. ಸುಳ್ಳು ರುಜುವಿನ ಚೆಕ್ಕು ಆಜ್ಞೆಯೇ ಅಲ್ಲವೆಂದೂ, ಖಾತೆದಾರನು ಪಾಸುಪುಸ್ತಕವನ್ನು ಜಾಗರೂಕತೆಯಿಂದ ನೋಡಲಿಲ್ಲವೆಂಬ ಮಾತ್ರಕ್ಕೆ ಬ್ಯಾಂಕಿನ ಹೊಣೆಯು ತಪ್ಪದೆಂದೂ, ಖಾತೆದಾರನು ತಿಳಿದೂ ತಿಳಿದು ಒಪ್ಪಿಕೊಂಡನೆಂದು ತೋರಿಸಿದರೆ ಮಾತ್ರ ಬೇರೆ ಮಾತೆಂದೂ ನ್ಯಾಯಾಲಯವು ಹೇಳಿತು. ನಷ್ಟವನ್ನು ಬ್ಯಾಂಕೇ ಹೊರಬೇಕಾಯಿತು.

ರುಜುವಿನ ಸ್ಥಾನಕ್ಕೆ ಈಗ ಗುಟ್ಟಿನ ಅಂಕಿಗಳು ಬಂದಿವೆ. ರುಜುವನ್ನು ಬ್ಯಾಂಕಿನಲ್ಲಿರುವ ಮಾದರಿಯೊಡನೆ ಹೋಲಿಸಿ ಇದು ನಿನ್ನದಲ್ಲ ಎನ್ನಬಹುದು. ಅಂಕಿಗೆ ಬರೆದ ಕೈಯ ಗುರುತೆಲ್ಲಿಯದು? ಅಂಕಿಯನ್ನು ಯಾರು ಒತ್ತಿದರೂ ಅದು ಒಂದೇ ಬಗೆಯಾಗಿರುತ್ತದೆ. ಆದುದರಿಂದ ನಿಯಮವೂ ಸ್ವಲ್ಪ ತಿರುಗಿತು. ರಿಸರ್ವ್ ಬ್ಯಾಂಕು ನೆಫ್ಟ್ ಎಂಬ ಹಣ ರವಾನೆಯ ಪದ್ಧತಿಗಾಗಿ ಮಾಡಿದ ನಿಯಮಾವಳಿಯ ಪ್ರಕಾರ, ಗೊತ್ತುಮಾಡಿದ ಭದ್ರತೆಯ ಕ್ರಮವನ್ನು ಅನುಸರಿಸಿ ಬ್ಯಾಂಕು ಸದ್ಭಾವದಿಂದ ನಡೆಸಿದ ಆಜ್ಞೆಗೆ ಖಾತೆದಾರನು ಬದ್ಧನು. ಆಜ್ಞೆಯು ತನ್ನದಲ್ಲವೆಂದೂ ಅದು ಬ್ಯಾಂಕಿನ ನೌಕರರ ಅಲಕ್ಷ್ಯದಿಂದಲೋ ಮೋಸದಿಂದಲೋ ಆಯಿತೆಂದೂ ಅವನು ಸಾಧಿಸಿದರೆ ಬದ್ಧನಲ್ಲ. ಸಾಧಿಸುವ ಭಾರವು ಹೀಗೆ ಖಾತೆದಾರನ ಹೆಗಲಿಗೆ ಬಂದುದು ಬಹಳ ಕಠಿಣವೆಂದು ತೋರಿದ್ದರಿಂದಲೇ, 2017 ರ ಜುಲೈ 6 ರಂದು ರಿಸರ್ವ್ ಬ್ಯಾಂಕು ಅದನ್ನು ಹಗುರ ಮಾಡಿ ಒಂದು ಸುತ್ತೋಲೆಯನ್ನು ಹೊರಡಿಸಿತು. ಬ್ಯಾಂಕಿನ ತಪ್ಪೂ ಇಲ್ಲದೆ ಖಾತೆದಾರನ ತಪ್ಪೂ ಇಲ್ಲದೆ ಹೊರಗಿನವರ ವಂಚನೆಯಿಂದ ಹಣ ಹೋದರೆ, ಬ್ಯಾಂಕಿನಿಂದ ತಿಳಿವಳಿಕೆ ಬಂದ 3 ಕೆಲಸದ ದಿನಗಳೊಳಗಾಗಿ ದೂರಿದವನಿಗೆ ನಷ್ಟವಿಲ್ಲವೆಂದು ಅದು ವಿಧಿಸಿತು. 4 ರಿಂದ 7 ದಿನಗಳೊಳಗೆ ದೂರಿದವನ ನಷ್ಟಕ್ಕೆ ಒಂದು ಮಿತಿಯನ್ನಿಟ್ಟಿತು. ಖಾತೆದಾರನ ಹೊಣೆಯನ್ನು ಸಾಧಿಸುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಿತು. ಆದರೆ ಗುಟ್ಟಿನ ಅಂಕಿಯನ್ನು ತಾನೇ ಪರರಿಗೆ ಹೇಳಿದವನು, ದೂರು ಕೊಡುವವರೆಗಿನ ನಷ್ಟವನ್ನು ತಾನೇ ಅನುಭವಿಸಬೇಕೆಂದೂ ಅದರಲ್ಲಿತ್ತು.

ಇನ್ನೊಂದು ಬಗೆಯ ಮೋಸವುಂಟು. ಅಲ್ಲಿ ಆಜ್ಞೆಯು ನಿಜವಾಗಿಯೂ ನಮ್ಮದೇ. ನಾವೇ ಒತ್ತಿದೆವು, ನಾವೇ ಕಳುಹಿಸಿದೆವು. ಆದರೆ ಪೊಲೀಸರೆಂದೋ ಅಧಿಕಾರಿಗಳೆಂದೋ ಹೇಳಿಕೊಂಡವರ ಮಾತಿಗೆ ಮರುಳಾಗಿ ಕಳುಹಿಸಿದೆವು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2023 ರ ಜುಲೈಯಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಮೊಕದ್ದಮೆಯೊಂದರಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸಿತು. ಖಾತೆದಾರನೇ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ನಡೆಸುವುದು ಬ್ಯಾಂಕಿನ ಕರ್ತವ್ಯ. ಆ ಆಜ್ಞೆಯು ಜಾಣತನದ್ದೋ ಅಲ್ಲವೋ ಎಂದು ವಿಚಾರಿಸುವುದು ಅದರ ಕೆಲಸವಲ್ಲ ಎಂಬುದು ತೀರ್ಪಿನ ತಾತ್ಪರ್ಯ. ನ್ಯಾಯವು ಇಷ್ಟಕ್ಕೆ ನಿಂತರೆ ಜನರು ಉಳಿಯರೆಂದು ಕಂಡು, ಆ ದೇಶದವರು 2024 ರ ಅಕ್ಟೋಬರಿನಿಂದ ಇಂಥ ನಷ್ಟದ ಬಹುಭಾಗವನ್ನು ಬ್ಯಾಂಕುಗಳೇ ತುಂಬಿಕೊಡುವಂತೆ ಪ್ರತ್ಯೇಕ ನಿಯಮವನ್ನು ಮಾಡಿಕೊಂಡರು. ನ್ಯಾಯಾಲಯದ ತತ್ತ್ವವೊಂದು, ಲೋಕದ ಅಗತ್ಯವೊಂದು. ಇವೆರಡರ ನಡುವಿನ ಸೇತುವೆಯನ್ನು ಕಟ್ಟುವುದು ಶಾಸನದ ಕೆಲಸ.

ಈಗ ಎರಡನೆಯ ಪ್ರಶ್ನೆ: ಯಾರಿಗೆ ತೆರಬೇಕೆಂಬ ಆಜ್ಞೆ? ನಮ್ಮ ಉದಾಹರಣೆಯ ತಾಯಿಮಕ್ಕಳ ಸಂಕಟವು ಇಲ್ಲಿಯೇ ಇದೆ.

ಹಿಂದಿನ ಕಾಲದಲ್ಲಿ ಊರಿಂದೂರಿಗೆ ಹಣ ಸಾಗಿಸುವ ಸಾಧನವು ಹುಂಡಿ. ಒಬ್ಬ ಸಾಹುಕಾರನು ಇನ್ನೊಂದೂರಿನ ಸಾಹುಕಾರನ ಮೇಲೆ ಹುಂಡಿ ಬರೆದು ಕೊಡುವನು. ಅದನ್ನು ತೋರಿಸಿದವನಿಗೆ ಅಲ್ಲಿ ಹಣ ದೊರೆಯುವುದು. ಕಂಡ ಕೂಡಲೆ ಹಣ ಕೊಡತಕ್ಕ ದರ್ಶನಿ ಹುಂಡಿ, ಗೊತ್ತಾದ ಅವಧಿಯ ಮೇಲೆ ಕೊಡತಕ್ಕ ಮುದ್ದತಿನ ಹುಂಡಿ ಎಂದು ಭೇದಗಳಿದ್ದುವು. ಇವುಗಳಲ್ಲಿ ಶಾಹಜೋಗ ಹುಂಡಿಯೆಂಬುದು ನಮ್ಮ ಈ ವಿಚಾರಕ್ಕೆ ಬಹಳ ಹತ್ತಿರದ್ದು. ಅದರ ಹಣವನ್ನು 'ಶಾಹ'ನಿಗೆ, ಎಂದರೆ ಪೇಟೆಯಲ್ಲಿ ಹೆಸರುಳ್ಳ ಗೌರವಸ್ಥ ವರ್ತಕನಿಗೆ ಮಾತ್ರ ಕೊಡಬಹುದಾಗಿತ್ತು. ತಂದವನು ಅಂಥವನೇ ಎಂದು ವಿಚಾರಿಸಿಕೊಳ್ಳುವುದು ಹಣ ಕೊಡುವವನ ಹೊಣೆ. ಹುಂಡಿಯು ಕದ್ದದ್ದೆಂದೋ ಸುಳ್ಳೆಂದೋ ಮುಂದೆ ಗೊತ್ತಾದರೆ ಹಣವನ್ನು ಬಡ್ಡಿಸಹಿತವಾಗಿ ಹಿಂದಿರುಗಿಸುವುದು ಆ ಶಾಹನ ಹೊಣೆ. ಕಾಗದಕ್ಕಿಂತ ಮನುಷ್ಯನ ಮುಖಕ್ಕೆ ಬೆಲೆ ಕೊಟ್ಟ ಪದ್ಧತಿಯಿದು. 1881 ರಲ್ಲಿ ಚೆಕ್ಕು ಹುಂಡಿಗಳ ವಿಚಾರವಾಗಿ ಶಾಸನವಾದಾಗ, ದೇಶಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ರೂಢಿಗಳನ್ನು ಮುಟ್ಟುವುದಿಲ್ಲವೆಂದು ಅದರ ಮೊದಲನೆಯ ಪ್ರಕರಣದಲ್ಲಿಯೇ ಹೇಳಲಾಯಿತು. 1880 ರಲ್ಲಿ ಅಂಚೆಯವರು ತಂದ ಮನಿಯಾರ್ಡರಿನಲ್ಲಿಯೂ ತತ್ತ್ವವು ಇದೇ: ಟಪಾಲಿನವನು ಓಣಿಗೆ ಬಂದು, ಹೆಸರು ಕೂಗಿ, ಮುಖ ನೋಡಿ, ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆದು ಹಣವನ್ನು ಎಣಿಸಿಕೊಡುತ್ತಿದ್ದನು.

ಚೆಕ್ಕಿನ ಕಾಲಕ್ಕೆ ಮುಖವು ಹಿಂದೆ ಸರಿದು ಹೆಸರು ಮುಂದೆ ಬಂದಿತು. ಖಾತೆಯಲ್ಲಿ ಸಾಕಷ್ಟು ಹಣವಿದ್ದು ಚೆಕ್ಕು ಕ್ರಮವಾಗಿದ್ದರೆ ಬ್ಯಾಂಕು ಹಣ ಕೊಡಲೇಬೇಕು. ಕೊಡದೆ ಹೋದರೆ ಬರೆದವನಿಗಾದ ನಷ್ಟವನ್ನು ತುಂಬಿಕೊಡಬೇಕು ಎಂದು 1881 ರ ಶಾಸನದ 31 ನೆಯ ಪ್ರಕರಣವು ಹೇಳುತ್ತದೆ. ಹೆಸರುಳ್ಳವನ ಹಿಂಬರಹದ ರುಜುವು ಸುಳ್ಳಾಗಿದ್ದರೂ, ಬ್ಯಾಂಕು ಸದ್ಭಾವದಿಂದ, ಅಲಕ್ಷ್ಯವಿಲ್ಲದೆ, ಕ್ರಮದಲ್ಲಿ ಹಣ ಕೊಟ್ಟಿದ್ದರೆ ಅದಕ್ಕೆ 85 ನೆಯ ಪ್ರಕರಣದ ರಕ್ಷಣೆಯುಂಟು. ಬರೆದವನ ರುಜುವೇ ಸುಳ್ಳಾದರೆ ಆ ರಕ್ಷಣೆಯಿಲ್ಲ. ಖಾತೆದಾರನ ರುಜುವನ್ನು ಬ್ಯಾಂಕು ಬಲ್ಲದು, ಲೋಕದವರೆಲ್ಲರ ರುಜುವನ್ನು ಬಲ್ಲದೆಂದು ಹೇಳಲಾಗದು ಎಂಬುದೇ ಈ ಭೇದಕ್ಕೆ ಕಾರಣ.

ವಿದ್ಯುತ್ತಿನ ಮೂಲಕ ಹಣ ಸಾಗತೊಡಗಿದ ಮೇಲೆ ಹೆಸರೂ ಹಿಂದೆ ಸರಿದು ಸಂಖ್ಯೆಯು ಮುಂದೆ ಬಂದಿತು. ದೊಡ್ಡ ಮೊತ್ತಗಳಿಗಾಗಿ 2004 ರಲ್ಲಿ ಆರ್‌ಟಿಜಿಎಸ್, ಎಲ್ಲ ಮೊತ್ತಗಳಿಗೆಂದು 2005 ರಲ್ಲಿ ನೆಫ್ಟ್ ಎಂಬ ಪದ್ಧತಿಗಳು ನಮ್ಮ ದೇಶದಲ್ಲಿ ಬಂದುವು. ಇಲ್ಲಿ ಆಜ್ಞೆಯ ದಾರಿಯನ್ನು ತೋರಿಸುವುದು 11 ಅಕ್ಷರಾಂಕಗಳ ಐಎಫ್‌ಎಸ್‌ಸಿ ಸಂಕೇತ. ಅದರ ಮೊದಲ 4 ಅಕ್ಷರಗಳು ಬ್ಯಾಂಕನ್ನೂ ಕೊನೆಯ 6 ಶಾಖೆಯನ್ನೂ ಸೂಚಿಸುತ್ತವೆ. ನಡುವೆ ಒಂದು ಸೊನ್ನೆ. ಶಾಖೆಯನ್ನು ಮುಟ್ಟಿದ ಮೇಲೆ ಹಣವು ಯಾರ ಲೆಕ್ಕಕ್ಕೆ ಸೇರಬೇಕೆಂಬುದನ್ನು ಖಾತೆಯ ಸಂಖ್ಯೆಯು ಹೇಳುತ್ತದೆ. 2010 ರ ಅಕ್ಟೋಬರ್ 14 ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಇದನ್ನು ಖಂಡಿತವಾಗಿ ಹೇಳಿತು: ಪಡೆಯುವವನ ಹೆಸರನ್ನು ಬರೆಯಲೇಬೇಕು, ಅದು ಸಂದೇಶದೊಡನೆ ಸಾಗಲೂ ಬೇಕು, ಆದರೆ ಹಣ ಸೇರಿಸುವಾಗ ನಂಬತಕ್ಕದ್ದು ಸಂಖ್ಯೆಯೊಂದನ್ನೇ, ಸಂಖ್ಯೆಯನ್ನು ಸರಿಯಾಗಿ ಕೊಡುವ ಹೊಣೆಯು ಕಳುಹಿಸುವವನದು. ಹೀಗೆಂಬ ಎಚ್ಚರಿಕೆಯನ್ನು ಬ್ಯಾಂಕುಗಳು ತಮ್ಮ ಚೀಟಿಗಳಲ್ಲಿಯೂ ಗಣಕಯಂತ್ರದ ತೆರೆಯ ಮೇಲೆಯೂ ಮುದ್ರಿಸಬೇಕೆಂದೂ, ಶಾಖೆಯಲ್ಲಿ ಒಬ್ಬ ನೌಕರನು ತುಂಬಿದುದನ್ನು ಇನ್ನೊಬ್ಬನು ಪರಿಶೀಲಿಸಬೇಕೆಂದೂ ಅದು ವಿಧಿಸಿತು.

ಹೆಸರನ್ನು ಹೀಗೆ ತಳ್ಳಿದ್ದು ಅನ್ಯಾಯವೆಂದು ಕೂಡಲೆ ಹೇಳಲಾಗದು. ನಮ್ಮ ಐದು ತಾಲ್ಲೂಕುಗಳನ್ನೇ ನೋಡಿರಿ. ಕೊಟ್ಟೂರೇಶ್ವರನ ಭಕ್ತರ ಮನೆಗಳಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ, ಕೊಟ್ರಗೌಡ ಎಂಬ ಹೆಸರುಗಳು ಓಣಿಗೆ ನಾಲ್ಕಾರು ಸಿಕ್ಕುತ್ತವೆ. ಹಡಗಲಿಯ ಕಡೆ ಮೈಲಾರಲಿಂಗನ ಹೆಸರಿನ ಮೈಲಾರಪ್ಪನವರು; ಹರಪನಹಳ್ಳಿಯ ಕಡೆ ಉಚ್ಚಂಗಿಯ ದೇವಿಯ ಹೆಸರಿನ ಉಚ್ಚಂಗೆಪ್ಪ, ಉಚ್ಚಂಗೆಮ್ಮನವರು. ಅದೇ ಹೆಸರನ್ನು ಒಬ್ಬ ಗುಮಾಸ್ತೆಯು ಇಂಗ್ಲಿಷಿನಲ್ಲಿ ಒಂದು ಬಗೆಯಾಗಿ, ಇನ್ನೊಬ್ಬನು ಬೇರೊಂದು ಬಗೆಯಾಗಿ ಬರೆಯುತ್ತಾನೆ. ಊರಿನ ಹೆಸರನ್ನು ಮುಂದಿಡುವವರೂ ಉಂಟು, ಹಿಂದಿಡುವವರೂ ಉಂಟು, ಬಿಡುವವರೂ ಉಂಟು. ಅಕ್ಷರ ಅಕ್ಷರವೂ ಕೂಡಿದರೆ ಮಾತ್ರ ಹಣ ಕೊಡುವೆವೆಂದು ಬ್ಯಾಂಕುಗಳು ಹಟ ಹಿಡಿದಿದ್ದರೆ, ಈ ಸೀಮೆಯ ಅರ್ಧ ಹಣವು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುತ್ತಿತ್ತು.

ಊರಿನ ವಿಳಾಸವನ್ನು ನಂಬೋಣವೆಂದರೆ ಅದೂ ಸ್ಥಿರವಾದುದಲ್ಲ. ಹರಪನಹಳ್ಳಿಯು ಬಳ್ಳಾರಿ ಜಿಲ್ಲೆಯಲ್ಲಿದ್ದು, 1997 ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಬಂದು, 2021 ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಬ್ಯಾಂಕುಗಳ ಹೆಸರಾದರೂ ನಿಂತಿವೆಯೇ ಎಂದರೆ ಅದೂ ಇಲ್ಲ. ಬಳ್ಳಾರಿಯಲ್ಲಿ 1976 ರಲ್ಲಿ ಕೆನರಾ ಬ್ಯಾಂಕಿನ ಪ್ರಾಯೋಜನೆಯಿಂದ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005 ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013 ರಲ್ಲಿ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಾಯಿತು. 2019 ರಲ್ಲಿ ಕಾವೇರಿಯೊಡನೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025 ರ ಮೇ 1 ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡು ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕಾಯಿತು. ಹಳ್ಳಿಯ ಅಜ್ಜಿಯು ಅದೇ ಕಟ್ಟಡದ ಅದೇ ಕಿಟಕಿಯ ಮುಂದೆ ನಿಂತಿದ್ದರೂ ಪಾಸುಪುಸ್ತಕದ ಮೇಲಿನ ಹೆಸರು ಬದಲಾಗುತ್ತಲೇ ಬಂದಿತು. 2020 ರ ಏಪ್ರಿಲ್ 1 ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾದಾಗ ಹಳೆಯ ಸಂಕೇತಗಳು ಸ್ವಲ್ಪ ಕಾಲ ನಡೆದು, 2021 ರ ಜುಲೈ 1 ರಿಂದ ನಿಂತುಹೋದುವು. ಹಳೆಯ ಚೀಟಿಯನ್ನು ನೋಡಿ ಸಂಕೇತವನ್ನು ಬರೆದವನ ಆಜ್ಞೆಯು ದಾರಿ ಕಾಣದೆ ಹಿಂದಿರುಗುವಂತಾಯಿತು.

ಹೆಸರು ಹಲವರದು, ಸಂಖ್ಯೆಯು ಒಬ್ಬರದೇ. ಸಂಖ್ಯೆಯ ಗುಣವಿದು. ಅದರ ದೋಷವೂ ಇದರೊಡನೆಯೇ ಇದೆ. ಕೊಟ್ರಮ್ಮನ ಬದಲು ಕೋಟ್ರಮ್ಮ ಎಂದು ಬರೆದರೂ ಮನುಷ್ಯನು ಅರ್ಥಮಾಡಿಕೊಳ್ಳುವನು. ಮೂರರ ಬದಲು ಎಂಟು ಬಿದ್ದರೆ ಯಂತ್ರವು ಬೇರೊಬ್ಬರ ಮನೆಯ ಬಾಗಿಲನ್ನೇ ತಟ್ಟುವುದು. ಹೆಸರಿನ ತಪ್ಪು ಕಣ್ಣಿಗೆ ಕಾಣುತ್ತದೆ, ಸಂಖ್ಯೆಯ ತಪ್ಪು ಕಾಣುವುದಿಲ್ಲ. ಹಿಂದೆ ಸಂಖ್ಯೆಯನ್ನು ತುಂಬುತ್ತಿದ್ದವನು ಕೆಲಸದಲ್ಲಿ ಪಳಗಿದ ಗುಮಾಸ್ತೆ. ಅವನು ತಪ್ಪಿದರೆ ತಪ್ಪು ಬ್ಯಾಂಕಿನದು. ಈಗ ಆ ಗುಮಾಸ್ತೆಯ ಕೆಲಸವು ನಮ್ಮ ಕೈಗೆ ಬಂದಿತು. ಅದರೊಡನೆ ಅವನ ತಪ್ಪಿನ ಹೊಣೆಯೂ ಬಂದಿತು. ನಾವು ತುಂಬಿದ ಚೀಟಿಯಲ್ಲಿ ಸಂಖ್ಯೆಯು ಸರಿಯಾಗಿದ್ದು ಶಾಖೆಯವರು ಯಂತ್ರಕ್ಕೆ ತಪ್ಪಾಗಿ ಊಡಿದರೆ ಈ ಹೊತ್ತಿಗೂ ಹೊಣೆಯು ಬ್ಯಾಂಕಿನದೇ. ಆದುದರಿಂದ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳುವುದು ಬರಿಯ ಜಿಪುಣತನವಲ್ಲ.

ಅಮೆರಿಕದವರು 1989 ರಲ್ಲಿ ತಮ್ಮ ಏಕರೂಪ ವಾಣಿಜ್ಯ ಸಂಹಿತೆಗೆ ಈ ವಿಚಾರವಾಗಿಯೇ ಒಂದು ಅಧ್ಯಾಯವನ್ನು ಸೇರಿಸಿದರು. ಅಲ್ಲಿಯೂ ಬ್ಯಾಂಕು ಸಂಖ್ಯೆಯನ್ನು ನಂಬಿ ನಡೆಯಬಹುದು. ಆದರೆ ಎರಡು ಕಟ್ಟುಗಳುಂಟು. ಹೆಸರೊಬ್ಬರದು ಸಂಖ್ಯೆ ಇನ್ನೊಬ್ಬರದು ಎಂದು ಬ್ಯಾಂಕಿಗೆ ತಿಳಿದಿದ್ದರೆ ಸಂಖ್ಯೆಯ ನೆಪವನ್ನು ಹೇಳಲಾಗದು. ಸಾಮಾನ್ಯ ಖಾತೆದಾರನಿಗೆ, ಸಂಖ್ಯೆಯನ್ನೇ ನಂಬುವೆವೆಂದು ಮೊದಲೇ ತಿಳಿಸಿರದಿದ್ದರೆ ಅವನನ್ನು ಹೊಣೆ ಮಾಡಲಾಗದು. ತಿಳಿಸಿಹೇಳುವುದು ಬ್ಯಾಂಕಿನ ಧರ್ಮವೆಂಬುದನ್ನು ಆ ದೇಶವೂ ನಮ್ಮ 2010 ರ ಸುತ್ತೋಲೆಯೂ ಒಂದೇ ಬಗೆಯಾಗಿ ಒಪ್ಪಿವೆ. ಆದರೆ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಅಚ್ಚಾದ ಎಚ್ಚರಿಕೆಯು ಗುಳೆ ಹೋದವನಿಗೆ ತಿಳಿಸಿದಂತಾಯಿತೇ ಎಂಬುದು ಯೋಚಿಸತಕ್ಕ ಮಾತು.

ಮೂರನೆಯ ಪ್ರಶ್ನೆ: ಆಜ್ಞೆಯು ಯಾವಾಗ ಮುಗಿಯಿತು? ಚೆಕ್ಕನ್ನು ಕೊಟ್ಟ ಮೇಲೂ, ಬ್ಯಾಂಕು ಹಣ ಕೊಡುವುದಕ್ಕೆ ಮುಂಚೆ ತಿಳಿಸಿದರೆ, ಆಜ್ಞೆಯನ್ನು ಹಿಂದಕ್ಕೆ ಪಡೆಯಬಹುದು. ನೆಫ್ಟಿನಲ್ಲಿ ಹಾಗಲ್ಲ, ಕಳುಹಿಸುವ ಬ್ಯಾಂಕು ಆಜ್ಞೆಯನ್ನು ನಡೆಸಿದೊಡನೆಯೇ ಅದು ಹಿಂದೆಗೆಯಲಾಗದ್ದಾಗುತ್ತದೆ. ಬ್ಯಾಂಕುಬ್ಯಾಂಕುಗಳ ನಡುವಣ ಲೆಕ್ಕವು ಒಮ್ಮೆ ಚುಕ್ತವಾದ ಮೇಲೆ ಅದು ಅಂತಿಮವೆಂದೂ ಬದಲಾಯಿಸಲಾಗದೆಂದೂ 2007 ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಶಾಸನದ 23 ನೆಯ ಪ್ರಕರಣವು ವಿಧಿಸುತ್ತದೆ. ಇದು ಕ್ರೂರವೆಂದು ತೋರಿದರೂ ಇದಕ್ಕೆ ಕಾರಣವಿದೆ. ಹಡಗಲಿಯ ರೈತನು ಹಣ ಬಂದಿತೆಂದು ನಂಬಿ ಶೇಂಗಾದ ಚೀಲಗಳನ್ನು ಲಾರಿಗೆ ಏರಿಸಿ ಕಳುಹಿಸುತ್ತಾನೆ. ಅರ್ಧ ದಾರಿಯಲ್ಲಿ ಕೊಂಡವನು ಆಜ್ಞೆಯನ್ನು ಹಿಂದೆಗೆದರೆ ಅವನ ಗತಿಯೇನು? ಕೊಟ್ಟದ್ದು ಕೊಟ್ಟದ್ದೇ ಎಂಬ ನಿಶ್ಚಯವಿಲ್ಲದೆ ಪೇಟೆಯು ನಡೆಯದು. ಅಂತಿಮತೆಯು ರೈತನನ್ನು ಕಾಯುತ್ತದೆ. ಅದೇ ಅಂತಿಮತೆಯು ಅಂಕಿ ತಪ್ಪಿದ ಕೂಲಿಕಾರನನ್ನು ಕಟ್ಟಿಹಾಕುತ್ತದೆ.

ವೇಳೆಗೂ ನಿಯಮವುಂಟು. ನೆಫ್ಟಿನ ಆಜ್ಞೆಗಳು ಅರ್ಧ ಗಂಟೆಗೊಂದು ತಂಡವಾಗಿ ಚುಕ್ತವಾಗುತ್ತವೆ; 2019 ರ ಡಿಸೆಂಬರ್ 16 ರಿಂದ ಹಗಲೂ ರಾತ್ರಿಯೂ ರಜಾದಿನಗಳಲ್ಲಿಯೂ ಈ ಕ್ರಮವು ನಡೆಯುತ್ತಿದೆ. ತಂಡವು ಚುಕ್ತವಾದ 2 ಗಂಟೆಗಳೊಳಗಾಗಿ ಹಣವು ಖಾತೆಗೆ ಸೇರಬೇಕು, ಇಲ್ಲವೆ ಹಿಂದಿರುಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಶೇಕಡಾ 2 ನ್ನು ಕೂಡಿಸಿ, ತಡವಾದ ಕಾಲಕ್ಕೆ ಬಡ್ಡಿ ಕೊಡತಕ್ಕದ್ದು. ಇದನ್ನು ಖಾತೆದಾರನು ಕೇಳುವವರೆಗೆ ಕಾಯಲಾಗದು.

ಬಡ್ಡಿಯೇನೋ ಸರಿ, ಆದರೆ ಹಣವು ತಡವಾದುದರಿಂದ ದೊಡ್ಡ ನಷ್ಟವಾದರೆ ಏನು ಗತಿ? ಈ ವಿಚಾರದಲ್ಲಿ ಅಮೆರಿಕದ ಒಂದು ವ್ಯಾಜ್ಯವು ಪ್ರಸಿದ್ಧವಾಗಿದೆ. ಹಡಗೊಂದನ್ನು ಬಾಡಿಗೆಗೆ ಪಡೆದಿದ್ದ ಒಂದು ಕಂಪನಿಯು 1973 ರಲ್ಲಿ 27,000 ಡಾಲರುಗಳ ಕಂತನ್ನು ತಂತಿಯ ಮೂಲಕ ಕಳುಹಿಸಿತು. ಜಿನೀವಾದ ಸ್ವಿಸ್ ಬ್ಯಾಂಕಿನ ಕಚೇರಿಯಲ್ಲಿ ಆ ಸಂದೇಶವು ಕೈತಪ್ಪಿತು. ಕಂತು ಹೊತ್ತಿಗೆ ಸೇರಲಿಲ್ಲ. ಅಗ್ಗದ ಬಾಡಿಗೆಯ ಕರಾರು ಮುರಿದು ಬಿತ್ತು. ನಷ್ಟವು 20 ಲಕ್ಷ ಡಾಲರುಗಳಿಗೂ ಮೀರಿತೆಂದು ಕಂಪನಿಯು ದಾವೆ ಹೂಡಿತು. 1982 ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಆ 27,000 ದ ಹಿಂದೆ ಅಷ್ಟು ದೊಡ್ಡ ಲಾಭನಷ್ಟವಿದೆಯೆಂದು ಬ್ಯಾಂಕಿಗೆ ತಿಳಿಯಲು ದಾರಿಯಿರಲಿಲ್ಲ; ಕೊನೆಯ ಗಳಿಗೆಯವರೆಗೆ ಕಾದದ್ದು ಕಂಪನಿಯದೇ ಅಜಾಗರೂಕತೆ ಎಂದಿತು. ನಮ್ಮ ನೆಫ್ಟಿನ ನಿಯಮಾವಳಿಯ ಭಾವವೂ ಇದೇ: ವಿಶೇಷ ಸಂದರ್ಭವಿತ್ತೆಂದು ಹೇಳಿ ನಿಯಮಿತ ಪರಿಹಾರಕ್ಕಿಂತ ಹೆಚ್ಚಿನದನ್ನು ಕೇಳುವಂತಿಲ್ಲ. ಮಗಳ ಕಾಲೇಜಿನ ಶುಲ್ಕವು ಕೊನೆಯ ದಿನ ಸೇರದೆ ಸ್ಥಾನವು ತಪ್ಪಿದರೂ ನಿಯಮಾವಳಿಯಿಂದ ದೊರೆಯುವುದು ಕೆಲವು ಗಂಟೆಗಳ ಬಡ್ಡಿ ಮಾತ್ರ. ಇದನ್ನು ಮೊದಲೇ ಅರಿತವನು ಕೊನೆಯ ದಿನದವರೆಗೆ ಕಾಯನು.

ಇನ್ನು ನಮ್ಮ ಉದಾಹರಣೆಗೆ ಉತ್ತರವನ್ನು ಹೇಳಬಹುದು. ಆಜ್ಞೆಯು ಮಗನದು, ಸಂಖ್ಯೆಯನ್ನು ಬರೆದವನು ಅವನು, ಹಣವು ಆ ಸಂಖ್ಯೆಗೇ ಸೇರಿ ಲೆಕ್ಕವು ಚುಕ್ತವಾಯಿತು. ಆದುದರಿಂದ ಬ್ಯಾಂಕು ತನ್ನ ಕೆಲಸವನ್ನು ಮಾಡಿದೆ. ನಷ್ಟವು ಮಗನ ಪಾಲಿನದು. ಹಾಗೆಂದು ಹಣವು ಆ ಅಪರಿಚಿತನದಾಗಲಿಲ್ಲ. ತಪ್ಪಿನಿಂದ ಬಂದ ಹಣವನ್ನು ಪಡೆದವನು ಹಿಂದಿರುಗಿಸಲೇಬೇಕೆಂದು 1872 ರ ಕರಾರುಗಳ ಶಾಸನದ 72 ನೆಯ ಪ್ರಕರಣವು ಹೇಳುತ್ತದೆ. ತಪ್ಪು ಗೊತ್ತಾದ 3 ವರ್ಷಗಳೊಳಗಾಗಿ ದಾವೆ ಹೂಡಬಹುದು. ತನ್ನದಲ್ಲವೆಂದು ತಿಳಿದೂ ದುರ್ಬುದ್ಧಿಯಿಂದ ಬಳಸಿಕೊಂಡವನು ಭಾರತೀಯ ನ್ಯಾಯ ಸಂಹಿತೆಯ 314 ನೆಯ ಪ್ರಕರಣದಂತೆ ಅಪರಾಧಿಯೂ ಆಗಬಹುದು. ಆದರೆ ಕಾಗದದ ಮೇಲಿನ ಈ ಹಕ್ಕು ಕೈಗೆ ದೊರೆಯುವುದು ಸುಲಭವಲ್ಲ. ಆ ಖಾತೆದಾರನ ಒಪ್ಪಿಗೆಯಿಲ್ಲದೆ ಅವನ ಬ್ಯಾಂಕು ಸಾಮಾನ್ಯವಾಗಿ ಹಣವನ್ನು ಹಿಂದೆಗೆಯಲಾರದು. ಖಾತೆದಾರರ ಗುಟ್ಟನ್ನು ಕಾಪಾಡತಕ್ಕ ಬ್ಯಾಂಕು ಅವನ ಹೆಸರನ್ನೂ ಸುಲಭವಾಗಿ ಹೇಳದು. 20,000 ರೂಪಾಯಿಗಾಗಿ ಹೆಸರು ತಿಳಿಯದವನ ಮೇಲೆ ದಾವೆ ಹೂಡಲು ದಿನಗೂಲಿಯವನಿಗೆ ಬಿಡುವೆಲ್ಲಿ? ಮಾಡಬೇಕಾದುದು ಇಷ್ಟು: ತಡಮಾಡದೆ ತನ್ನ ಶಾಖೆಗೆ ಬರಹದಲ್ಲಿ ತಿಳಿಸಿ, ಆ ಬ್ಯಾಂಕಿಗೆ ಕೋರಿಕೆ ಹೋಗುವಂತೆ ನೋಡಿಕೊಳ್ಳುವುದು, ಹಣವು ಇನ್ನೂ ಖರ್ಚಾಗಿರದಿದ್ದರೆ ಆ ಖಾತೆದಾರನು ಒಪ್ಪುವ ಸಂಭವವುಂಟು. ತಪ್ಪು ಬ್ಯಾಂಕಿನದಾಗಿದ್ದು 30 ದಿನಗಳಲ್ಲಿ ಅದು ಪರಿಹರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಸಂತೋಷದ ಸಂಗತಿಯೆಂದರೆ, ಹದಿನಾಲ್ಕು ವರ್ಷಗಳ ಅನುಭವದ ಮೇಲೆ ಹೆಸರು ಮತ್ತೆ ತನ್ನ ಸ್ಥಾನಕ್ಕೆ ಬಂದಿದೆ. 2024 ರ ಡಿಸೆಂಬರ್ 30 ರಂದು ಹೊರಟ ಸುತ್ತೋಲೆಯಲ್ಲಿ, 2025 ರ ಏಪ್ರಿಲ್ 1 ರೊಳಗಾಗಿ ಆರ್‌ಟಿಜಿಎಸ್ ಮತ್ತು ನೆಫ್ಟಿನಲ್ಲಿ ಹಣ ಕಳುಹಿಸುವ ಮುಂಚೆಯೇ ಆ ಖಾತೆಯು ಯಾರ ಹೆಸರಿನಲ್ಲಿದೆಯೆಂದು ಕಳುಹಿಸುವವನಿಗೆ ತೋರಿಸುವ ಅನುಕೂಲವನ್ನು ಬ್ಯಾಂಕುಗಳು ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಮೊಬೈಲಿನ ಯುಪಿಐ ಪದ್ಧತಿಯಲ್ಲಿ ಇದು ಮೊದಲೇ ಇದ್ದಿತು. ಈ ಅನುಕೂಲಕ್ಕೆ ಶುಲ್ಕವಿಲ್ಲ. ಶಾಖೆಗೆ ಹೋಗಿ ಚೀಟಿ ಕೊಡುವವನಿಗೂ ಇದು ದೊರೆಯತಕ್ಕದ್ದು. ಸಂಖ್ಯೆಯು ದಾರಿ ತೋರಿಸುತ್ತದೆ, ಹೆಸರು ಸಾಕ್ಷಿ ಹೇಳುತ್ತದೆ. ಶಾಹಜೋಗ ಹುಂಡಿಯ ಕಾಲದಲ್ಲಿ ಸಾಹುಕಾರನು ಮುಖವನ್ನು ನೋಡಿ ಮಾಡುತ್ತಿದ್ದ ಕೆಲಸವನ್ನು ಈಗ ಕಳುಹಿಸುವವನೇ ಹೆಸರನ್ನು ಓದಿ ಮಾಡಬೇಕು. ಆದರೆ ನಿಯಮದ ಹೊಣೆಯು ಬದಲಾಗಿಲ್ಲ. ಹೆಸರು ಕಂಡ ಮೇಲೂ, ಓದದೆ ಒತ್ತಿದವನ ತಪ್ಪು ಅವನದೇ.

ಓದಬಲ್ಲವರಿಗೆ ಇದು ದೊಡ್ಡ ಕಷ್ಟವಲ್ಲ. ಓದಲಾರದವರ ಗತಿಯೇ ಯೋಚಿಸತಕ್ಕದ್ದು. ನಮ್ಮ ಪಟ್ಟಣಗಳ ಶಾಖೆಗಳಲ್ಲಿ 'ಇದನ್ನು ಸ್ವಲ್ಪ ತುಂಬಿಕೊಡಿರಿ' ಎಂದು ಚೀಟಿಯನ್ನು ನೀಡುವ ಕೂಲಿಕಾರರು ಯಾರಿಗೆ ಎದುರಾಗಿಲ್ಲ? ಹಾಗೆ ತುಂಬಿಕೊಡುವಾಗ ಸಂಖ್ಯೆಯನ್ನು ಎರಡು ಸಲ ಗಟ್ಟಿಯಾಗಿ ಓದುವುದು, ಕಿಟಕಿಯಲ್ಲಿ ಕುಳಿತವರನ್ನು 'ಖಾತೆಯ ಹೆಸರೇನು ತೋರಿಸುತ್ತದೆ?' ಎಂದು ಕೇಳುವುದು, ಆ ಹೆಸರನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳುವುದು, ದೊಡ್ಡ ಮೊತ್ತವಾದರೆ ಮೊದಲು ಸಣ್ಣ ಮೊತ್ತವನ್ನು ಕಳುಹಿಸಿ ಸೇರಿತೆಂದು ತಿಳಿದ ಮೇಲೆ ಉಳಿದುದನ್ನು ಕಳುಹಿಸುವಂತೆ ಹೇಳುವುದು, ಪ್ರತಿಯನ್ನು ಮಡಿಸಿ ಅವರ ಕೈಯಲ್ಲಿಡುವುದು — ಇಷ್ಟನ್ನು ನಾವು ಮಾಡಬಲ್ಲೆವು. ಶಾಸನವು ಸಂಖ್ಯೆಯ ಹೊಣೆಯನ್ನು ಕಳುಹಿಸುವವನ ಮೇಲೆ ಹೊರಿಸಿದೆ. ಆ ಭಾರವನ್ನು ಹೊರಲಾರದವರ ಜೊತೆಗೆ ಎರಡು ನಿಮಿಷ ನಿಲ್ಲುವುದು ಶಾಸನವು ಹೇಳದ, ಆದರೆ ಬಲ್ಲವರು ಮಾಡತಕ್ಕ ಕೆಲಸ.